ಕಿವಿರು

ಐವತ್ತೆರಡು ಸಾವಿರದ ಮುನ್ನೂರು.
ಇಪ್ಪತ್ತೆಂಟು, ಚೀಟಿ ಎತ್ತಿದ್ದು.
ಹದಿನೈದು, ನನ್ನ ಸ್ಕಾಲರ್‌ಶಿಪ್ಪು.
ಉಳಿದದ್ದು ಒಣ ಬಂಗಡೆ, ಒಣ ಶೆಟ್ಲಿ,
ಮೇ ತಿಂಗಳ ಬಿಸಿಲಲ್ಲಿ ಕಾಗೆ ಓಡಿಸುತ್ತ ಕೂತ ನಾಲ್ಕು ವಾರ.
ನೋಟಿಗೆ ಇನ್ನೂ ವಾಸನೆ ಇತ್ತು.
ಅಮದಳ್ಳಿಯಲ್ಲಿ ಬಸ್ಸು ಹತ್ತಿದ ಆಯಿ
ಬಿಣಗಾ ದಾಟಿದರೂ
ಸೊಂಟದ ಚೀಲದ ಮೇಲಿಟ್ಟ ಕೈ ತೆಗೆಯಲಿಲ್ಲ.

ಒಡೆದ ಫೋನಿನ ಗಾಜಿನೊಳಗೆ ಮೂರು ವಾರ
ನಾನು ಎಲ್ಲ ಓದಿಕೊಂಡಿದ್ದೆ:
ಎಷ್ಟು ಕೋರು, ಎಷ್ಟು ಜಿಬಿ,
ಕಂಪೈಲ್ ಆಗಲು ಎಷ್ಟು ಸೆಕೆಂಡು.
ಒಂದನ್ನು ಮಾತ್ರ ಆಯಿಗೆ ಹೇಳಿರಲಿಲ್ಲ.
ಗ್ರಾಫಿಕ್ಸ್ ಕಾರ್ಡು ಎಂಬುದು
ಮೊದಲ ಸೆಮಿಸ್ಟರಿನ ಯಾವ ಪಾಠದಲ್ಲೂ ಬರುವುದಿಲ್ಲ.

ಗ್ರೀನ್ ಸ್ಟ್ರೀಟಿನ ಅಂಗಡಿ. ಏಸಿ.
ರೊಯ್‌ಸ್ಟನ್ ಎಂಬ ಹುಡುಗ ಬೆಳ್ಳಿಬಣ್ಣದ್ದೊಂದು ತಂದಿಟ್ಟ,
ತೆಳ್ಳಗೆ, ನೊಗಲಿ ಮೀನಿನ ಹಾಗೆ.
ಒಂದೇ ಬೆರಳಲ್ಲಿ ಮುಚ್ಚಳ ಎತ್ತಿ ತೋರಿಸಿದ.
ನನಗೆ ಅಲ್ಲೇ ಮನಸ್ಸು ಹೋಯಿತು.

"ಮುಟ್ಬಹುದಾ?" ಅಂದಳು ಆಯಿ.
ಕೈಯನ್ನು ಸೆರಗಿಗೆ ಎರಡು ಸಲ ಒರೆಸಿ
ಅದನ್ನು ಎತ್ತಿದಳು, ಮಗುಚಿದಳು,
ಹೊಟ್ಟೆ ನೋಡಿದಳು.
"ಇದರ ಕಿವಿರು ಎಲ್ಲಿ?"
ಅವನಿಗೆ ತಿಳಿಯಲಿಲ್ಲ.
"ಉಸಿರು ಎಲ್ಲಿಂದ ತೆಗೀತದೆ, ಕೇಳ್ದೆ."
ಎರಡು ಸಾಲು ತೂತು ತೋರಿಸಿದ, ಸೂಜಿ ಹೋಗದಷ್ಟು.
"ಇಷ್ಟೇನಾ? ಜೋರು ಕೆಲಸ ಕೊಟ್ರೆ
ಇದು ಏದುಸಿರು ಬಿಡ್ತದೆ. ಬೇರೆ ತೆಗಿ."

ಮೂರು ವಾರ ಓದಿದ ನಾನು
ಬಾಯಿ ಮುಚ್ಚಿಕೊಂಡೆ.

ಮತ್ತೊಂದು ಬಂತು. ಕಪ್ಪು, ದಪ್ಪ,
ಹೋದ ವರ್ಷದ್ದು. ಎರಡೂವರೆ ಕಿಲೋ,
ಆಯಿ ಕೈಯಲ್ಲೇ ತೂಗಿ ಹೇಳಿದ್ದು, ಡಬ್ಬಿಯ ಮೇಲೂ ಅಷ್ಟೇ ಇತ್ತು.
ಹಿಂದೆ, ಪಕ್ಕದಲ್ಲಿ, ಅಡಿಯಲ್ಲಿ
ಅಗಲ ಅಗಲ ಕಿವಿರು.
ಎಂಟು ಜಿಬಿ ಇದೆ, ಒಂದು ಸ್ಲಾಟ್ ಖಾಲಿ, ಅಂದ.
"ಖಾಲಿ ಜಾಗಕ್ಕೂ ದುಡ್ಡು ತಗೊಂಡ್ರಾ?"
"ಇಲ್ಲ ಅಮ್ಮಾ, ಮುಂದೆ ತುಂಬಬಹುದು."
"ಹಾಂ. ಬರೂ ಚೀಟಿಗೆ."

ಆಮೇಲೆ, ನನ್ನನ್ನಲ್ಲ, ಅವನನ್ನೇ ಕೇಳಿದಳು:
"ಆಟ ಆಡೂಕೆ ಬತ್ತದಾ ಇದ್ರಲ್ಲಿ?"
ಅವನು ನನ್ನ ಮುಖ ನೋಡಿದ.
ನಾನು ಬೆಲೆಯ ಚೀಟಿ ನೋಡಿದೆ.
"ಬರ್ತದೆ."
ಆಯಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚಲೋ ಇತ್ತು.
"ಸಾರಿಗಾ ಹುರಿಯೂಕಾ
ಅಂತ ಗಿರಾಕಿ ಬಾಯಿಬಿಟ್ಟು ಹೇಳ್ಬೇಕು, ಮಗಾ.
ಹೇಳ್ದೆ ಹೋದ್ರೆ ಯಾವ ಮೀನು ಆರಿಸಿ ಕೊಡೂದು ನಾನು?"

ಕಂತು ಬೇಡ ಅಂದಳು. ಮೌಸು ಬಿಟ್ಟಿ ಬೇಕು ಅಂದಳು,
"ಒಂದು ಪಾಲಿಗೆ ಎರಡು ಬಂಗಡೆ ಮೇಲೆ ಹಾಕೂದಿಲ್ವಾ ನಾವು?"
ಹಾಕಿದ.
ಬಾಗಿಲಲ್ಲಿ ಕೊನೆಯದಾಗಿ, ನಾನು ಎಲ್ಲೂ ಓದದೆ ಇದ್ದ ಪ್ರಶ್ನೆ:
"ಉಪ್ಪುಗಾಳಿಗೆ ಎಷ್ಟು ವರ್ಷ ಬತ್ತದೆ?"
ತುಕ್ಕು ವಾರಂಟಿಯಲ್ಲಿ ಇಲ್ಲ.
ರೊಯ್‌ಸ್ಟನ್ ದನಿ ತಗ್ಗಿಸಿದ. ಅವನ ಮನೆ ಕೋಡಿಬಾಗ,
ಅವನದ್ದೇ ಒಂದು ಹಾಳಾಗಿತ್ತಂತೆ.
"ಮುಚ್ಚಿಟ್ಟರೆ ಬೇಗ ಹೋಗ್ತದೆ ಅಮ್ಮಾ.
ದಿನಾ ಚಾಲೂ ಮಾಡಿ. ಬಿಸಿ ಇದ್ದರೆ ಒಳಗೆ ತೇವ ನಿಲ್ಲೂದಿಲ್ಲ."

ಈಗ ಆಗಸ್ಟು.
ಅಸೈನ್‌ಮೆಂಟು ಮುಗಿಸಿ ನಾನು ಕಾರು ಓಡಿಸುತ್ತೇನೆ,
ಯಾವುದೋ ದೇಶದ ಕಡಲ ದಂಡೆಯಲ್ಲಿ.
ಫ್ಯಾನು ಬೈತಖೋಲದ ಬೋಟಿನ ಹಾಗೆ ಒದರುತ್ತದೆ.
ಆಯಿ ಪೇಟೆಯಿಂದ ಬಂದು
ಬುಟ್ಟಿ ತೊಳೆದು ಕವುಚಿ
ನನ್ನ ಪಕ್ಕ ಕೂರುತ್ತಾಳೆ, ತೆರೆ ನೋಡುತ್ತಾಳೆ.
"ಆ ನೀರು ಸರಿ ಇಲ್ಲ. ಭರತ ಇಲ್ಲ, ಇಳಿತ ಇಲ್ಲ,
ಎಂಥ ಸಮುದ್ರ ಅದು?"

ಮಾರಿ ಉಳಿದದ್ದನ್ನು ಐಸಿಗೆ ಹಾಕಿ
ಮರಗಟ್ಟಿದ ಬೆರಳು. ಮಡಚಲು ಬರುವುದಿಲ್ಲ.
ಹತ್ತನ್ನೂ ತಂದು
ಲ್ಯಾಪ್‌ಟಾಪಿನ ಕಿವಿರಿಗೆ ಹಿಡಿಯುತ್ತಾಳೆ.

ರೇಸು ಮುಗಿದು, ನಾನು ಮುಚ್ಚಳಕ್ಕೆ ಕೈ ಹಾಕಿದರೆ,
"ತಡಿ," ಅನ್ನುತ್ತಾಳೆ, "ತಣ್ಣಗಾಗ್ತಾ ಬಂತು.
ಇನ್ನೊಂದು ಆಟ ಆಡು."